ಹೂಂ ಅನ್ನುವ ಬಟನ್

ಹೊಸಪೇಟೆಯಲ್ಲಿ ಆಗ ಅದಿರಿನ ಕಾಲ. ಅದಿರಿನ ಲಾರಿ ಹೋದಾಗ ಅದುರದ ಗೋಡೆ ಊರಲ್ಲಿ ಒಂದೂ ಇರಲಿಲ್ಲ. ಗಣಿ ಇದ್ದವನು ಧಣಿ, ಇಲ್ಲದವನು ಬರೀ ದಣಿ ಎಂದು ಹಂಪೇಶ ಹೇಳುತ್ತಿದ್ದ. ಅವನು ಬಿ.ಎ. ಆಗಿದ್ದ, ಅದರಾಚೆಗೆ ಏನೂ ಆಗಿರಲಿಲ್ಲ. ಅಪ್ಪ ಅಮ್ಮ ಕಂಪ್ಲಿಯಲ್ಲಿದ್ದರು. ಕಾಲೇಜಿಗೆಂದು ಚಿತ್ತವಾಡ್ಗಿಯ ಅಜ್ಜಿ ಮನೆಗೆ ಬಂದವನು, ಸಿನಿಮಾ ಮುಗಿದರೂ ಕುರ್ಚಿ ಬಿಡದವರ ಹಾಗೆ, ಡಿಗ್ರಿ ಮುಗಿದ ಮೇಲೂ ಅಲ್ಲೇ ಕೂತಿದ್ದ.

ಅವನಿಗೆ ನಿಜವಾಗಿ ಒಲಿದ ವಿದ್ಯೆ ಒಂದೇ, ಮಿಮಿಕ್ರಿ. ಕಾಲೇಜಿನ ಪ್ರಿನ್ಸಿಪಾಲರ ಕೆಮ್ಮು, ಬಸ್‌ಸ್ಟ್ಯಾಂಡಿನ ಮೈಕು, ಹಂಪಿಯ ಗೈಡುಗಳು ಫಾರಿನ್‌ನವರಿಗೆ ಹೇಳುವ ಇಂಗ್ಲಿಷು, ಏರಿನಲ್ಲಿ ಏದುಸಿರು ಬಿಡುವ ಟಿಪ್ಪರು, ಗಾದಿಗನೂರಿನ ಹತ್ತಿರ ರಸ್ತೆ ಬದಿಗೆ ಚಾ ಅಂಗಡಿ ಇಟ್ಟಿದ್ದ ಹುಸೇನಮ್ಮನ ಮೂಗಿನ ರಾಗ, ಎಲ್ಲ ಅವನ ಗಂಟಲಲ್ಲಿ ಬಾಡಿಗೆಗಿದ್ದವು. ಸ್ವಂತ ಮನೆ ಮಾಡಿಕೊಂಡಿದ್ದದ್ದು ಮಾತ್ರ ಸೋದರಮಾವ ಕೊಟ್ರಯ್ಯನ ದನಿ.

ಕೊಟ್ರಯ್ಯ ದೋಣಿಮಲೈ ಕಡೆಯ ಗುಡ್ಡಗಳಿಂದ ಹೊಸಪೇಟೆಗೆ ಅದಿರಿನ ಲಾರಿ ಓಡಿಸುತ್ತಿದ್ದ. ಮದುವೆ ಆಗಿರಲಿಲ್ಲ. ಯಾರಾದರೂ ಕೇಳಿದರೆ ಲಾರಿಯ ಕಡೆ ಕೈ ತೋರಿಸಿ “ಇಕೀನ್ನ ಸಾಕೋದ ಸಾಕಾಗೇತಿ” ಅನ್ನುತ್ತಿದ್ದ. ಲಾರಿಯನ್ನು ಓಣಿಯ ಮೂಲೆಯಲ್ಲಿ ನಿಲ್ಲಿಸಿ, ನಡೆದು ಬಂದು, ಹೊಸ್ತಿಲ ಹೊರಗೆ ಟವೆಲ್ ಕೊಡವಿ, “ಅವ್ವಾ, ಬಂದ್ನೆವ್ವಾ” ಎಂದು ಕೂಗುವುದು ಅವನ ರೂಢಿ. ಹಂಪೇಶ ಅದನ್ನೇ ಮಾಡುತ್ತಿದ್ದ, ಟವೆಲ್ ಕೊಡವುವ ಸದ್ದೂ ಸೇರಿ. ಪಕ್ಕದ ಮನೆಯ ತಾಯಕ್ಕ ಏಮಾರುತ್ತಿದ್ದಳು. ಲಾರಿಯ ಕ್ಲೀನರ್ ಮಾರೆಪ್ಪ ಎದ್ದು ನಿಲ್ಲುತ್ತಿದ್ದ. ಕಣ್ಣಿಗೆ ಪೊರೆ ಬಂದು, ಮನುಷ್ಯರನ್ನು ಕಿವಿಯಿಂದಲೇ ನೋಡುತ್ತಿದ್ದ ಅಜ್ಜಿ ಜಂಬಮ್ಮ ಮಾತ್ರ ಒಮ್ಮೆಯೂ ಮೋಸ ಹೋಗಲಿಲ್ಲ.

“ಹಂಪ್ಯಾ, ನಾಟಕ ಸಾಕು.”

“ಹೆಂಗ ಗೊತ್ತಾಗ್ತೈತಿ ಅಜ್ಜಿ?”

“ನಮ್ಮ ಕೊಟ್ರ್ಯಾ ಮಾತಾಡೂಕಿಂತ ಮೊದ್ಲು ಗಂಟಲಾಗ ಗೇರ್ ಹಾಕ್ತಾನ. ನೀ ನ್ಯೂಟ್ರಲ್‌ನ್ಯಾಗ ಮಾತಾಡ್ತಿ.”

ಅದು ನಿಜವೇ. ಬಾಯಿ ತೆರೆಯುವ ಮುಂಚೆ ಕೊಟ್ರಯ್ಯನ ಗಂಟಲಲ್ಲಿ ‘ಕ್ಟ್’ ಎಂಬ ಸಣ್ಣ ಸದ್ದಾಗುತ್ತಿತ್ತು. ಹಂಪೇಶ ಎಷ್ಟೋ ಸಲ ಯತ್ನಿಸಿದ. ಒಮ್ಮೆ ಅದು ಮಾತಿನ ನಡುವೆ ಬೀಳುತ್ತಿತ್ತು, ಇನ್ನೊಮ್ಮೆ ಬಿಕ್ಕಳಿಕೆಯಾಗುತ್ತಿತ್ತು. ಕೊನೆಗೆ ಅದನ್ನು ಬಿಟ್ಟುಬಿಟ್ಟ. ಅಷ್ಟು ಸಣ್ಣ ಸದ್ದನ್ನು ಅಜ್ಜಿ ಬಿಟ್ಟು ಯಾರು ಕೇಳುತ್ತಾರೆ?

ಆ ಮನೆಯ ಮುಂದಿನ ಕೋಣೆಯಲ್ಲಿ ಹಂಪೇಶ ಮತ್ತು ಅವನ ಗೆಳೆಯ ವೇದಾಂತ ಸೇರಿ ಗೇಮ್ ಸೆಂಟರ್ ನಡೆಸುತ್ತಿದ್ದರು. ವೇದಾಂತ ಯಮುನಾಬಾಯಿ ಟೀಚರ ಮಗ, ಕಂಪ್ಯೂಟರ್ ಡಿಪ್ಲೊಮಾ ಮಾಡಿದವನು, ಹೆಸರಿಗೆ ತಕ್ಕಂತೆ ಎಲ್ಲದಕ್ಕೂ ಒಂದು ತತ್ವ ಹೇಳುವವನು. ಕಾಲೇಜಿಗೆ ಚಕ್ಕರ್ ಹೊಡೆದ ಹುಡುಗರು ಅಲ್ಲಿಗೆ ಬಂದು ಯಾವುದೋ ದೇಶದ ರಸ್ತೆಗಳಲ್ಲಿ ಕಾರು ಚಕ್ಕರ್ ಹೊಡೆಸುತ್ತಿದ್ದರು.

“ಹಂಪ್ಯಾ, ಒಂದ್ ಗಮನಿಸೀಯೇನು?” ಒಂದು ದಿನ ವೇದಾಂತ ಕೇಳಿದ. “ಸಿನಿಮಾ ನೋಡಿದಾವ ಹೊರಗ ಬಂದು ‘ಹೀರೋ ಸತ್ತಲೇ’ ಅಂತಾನ. ಗೇಮ್ ಆಡಿದಾವ ಏನಂತಾನ?”

“ಏನಂತಾನ?”

“‘ನಾ ಸತ್ತೆ’ ಅಂತಾನ. ‘ಎರಡ್ ಸಲ ಸತ್ತೆಲೇ, ಒಂದ್ ಚಾ ಹೇಳು’ ಅಂತಾನ. ಕಥಿ ಅಂವಂದಲ್ಲ, ಬರದಾವ ಯಾವನೋ. ಆದ್ರ ಬಟನ್ ಒತ್ತಿದ ಕೈ ಅಂವಂದು. ಅಷ್ಟಕ್ಕ ಕಥೀ ಒಳಗ ಬಿದ್ದುಬಿಡ್ತಾನ.”

ಹಂಪೇಶನಿಗೆ ಇದು ಹೊಸದೆನಿಸಲಿಲ್ಲ. ಅಜ್ಜಿ ಕಥೆ ಹೇಳುವಾಗಲೂ ಹೀಗೇ. ಕೇಳುವವರು ಒಂದೊಂದು ಮಾತಿಗೂ ಹೂಂಗುಡಬೇಕು. ಹೂಂ ನಿಂತರೆ ಕಥೆ ನಿಲ್ಲುತ್ತದೆ. ರಾಜಕುಮಾರ ಎತ್ತಿದ ಕಾಲು ಎತ್ತಿದ ಹಾಗೇ ಇರುತ್ತಾನೆ. “ನೀ ಹೂಂ ಅನ್ನದಿದ್ರ ಹೊರಗ ನಿಂತಾವ ಅಂತಾನ. ಆಮ್ಯಾಲ ಕಥಿ ಅಂವಂದಾಗ್ತೈತಿ” ಎಂದು ಅಜ್ಜಿ ಹೆದರಿಸುತ್ತಿದ್ದಳು. ಹೊರಗೆ ನಿಂತವನು ಯಾರೆಂದು ಕೇಳಿದರೆ, “ಹೂಂ ಅಂದಾಗ ಗೊತ್ತಾಗ್ತೈತಿ, ಸುಮ್ನಿರು” ಅನ್ನುತ್ತಿದ್ದಳು. ಇನ್ನೊಂದು ಕಟ್ಟಳೆಯೂ ಇತ್ತು. ಹಗಲು ಹೊತ್ತು ಕಥೆ ಹೇಳಬಾರದು, ಕೇಳಬಾರದು. ಹೇಳಿದರೆ ಸೋದರಮಾವ ದಾರಿ ತಪ್ಪುತ್ತಾನೆ. ಚಿಕ್ಕಂದಿನಲ್ಲಿ, ಬೇಸಿಗೆ ರಜೆ ಮುಗಿದು ಮಾವ ಕಂಪ್ಲಿಗೆ ಬಿಟ್ಟುಬರಲು ಹೊರಡುವ ದಿನ, ಹಂಪೇಶ ಬೆಳಗ್ಗೆಯೇ ಅಜ್ಜಿಯ ಸೆರಗು ಹಿಡಿದು “ಒಂದ ಕಥಿ ಹೇಳಜ್ಜಿ” ಎಂದು ಗೋಗರೆದದ್ದುಂಟು.

ಹೀಗೆ ಆ ಆಟ ಹುಟ್ಟಿತು. ವೇದಾಂತ ಗುಡ್ಡದಿಂದ ಗಾದಿಗನೂರಿನ ಮೇಲೆ ಹೊಸಪೇಟೆಗೆ ಬರುವ ರಸ್ತೆಯನ್ನು ಕಂಪ್ಯೂಟರಿನಲ್ಲಿ ಕಟ್ಟಿದ. ಆಡುವವನು ಲಾರಿ ಡ್ರೈವರ್. ರಸ್ತೆ ಬದಿಗೆ ಬೇವಿನ ಗಿಡ ಬೇಕಾಯಿತು. ಪಂಕ್ಚರ್ ಅಂಗಡಿಯವನು ಹಳೆಯ ಟೈರೊಂದನ್ನು ನೇತುಹಾಕಿದ್ದ ಒಂದು ಗಿಡದ ಫೋಟೋ ಹೊಡೆದು ತಂದು, ಬೇರೆ ಗಿಡ ಹುಡುಕುವ ಸೋಮಾರಿತನಕ್ಕೆ ಅದನ್ನೇ ದಾರಿಯುದ್ದಕ್ಕೂ ಅಂಟಿಸಿದ.

ಕಥೆ ಅಜ್ಜಿಯದು. ಗುಡ್ಡದಿಂದ ಕೆಮ್ಮಣ್ಣು ಹೇರಿಕೊಂಡು ಒಬ್ಬನೇ ಬರುವ ಒಬ್ಬ ಗಾಡಿ ಹೊಡೆಯುವವನ ಕಥೆ. ಪ್ರತಿ ಬೇವಿನ ಗಿಡದ ಕೆಳಗೂ ಯಾರೋ ನಿಂತಿರುತ್ತಾರೆ. “ಬರ್ಲೇನಪ್ಪಾ?” ಅನ್ನುತ್ತಾರೆ. ಅವನು ಹೂಂ ಅನ್ನುತ್ತಾನೆ. ಅವರು ಹಿಂದೆ ಹತ್ತಿ ಕೂರುತ್ತಾರೆ. ಗಾಡಿ ಭಾರವಾಗುತ್ತ ಹೋಗುತ್ತದೆ. ಅವನು ಹಿಂತಿರುಗಿ ನೋಡುವುದಿಲ್ಲ. ಕೊನೆಗೆ ಏನಾಗುತ್ತದೆಂಬುದು ಹಂಪೇಶನಿಗೆ ತಿಳಿಯದು. ಪ್ರತಿ ಸಲವೂ ಅಷ್ಟರಲ್ಲಿ ಅವನಿಗೆ ನಿದ್ದೆ ಬಂದಿರುತ್ತಿತ್ತು.

“ಕೊನಿ ಆಮ್ಯಾಲ ಹಾಕೂಣಲೇ,” ವೇದಾಂತ ಹೇಳಿದ. “ಸದ್ಯಕ್ಕ ರಸ್ತೆ ಸುತ್ತಿ ಮತ್ತ ಗಾದಿಗನೂರಿಗೇ ಕೂಡ್ಲಿ.”

ಆಟದಲ್ಲಿ ಸ್ಟೇರಿಂಗ್ ತಿರುಗಿಸುವ ಕೀಲಿಗಳನ್ನು ಬಿಟ್ಟರೆ ಇದ್ದದ್ದು ಒಂದೇ ಬಟನ್. ಕೀಬೋರ್ಡಿನ ಕೆಳಗಿನ ಆ ಉದ್ದನೆಯದು. ಅದನ್ನು ಒತ್ತಿದರೆ ಡ್ರೈವರ್ “ಹೂಂ” ಅನ್ನುತ್ತಿದ್ದ, ಲಾರಿ ಮುಂದೆ ಹೋಗುತ್ತಿತ್ತು. ಒತ್ತದಿದ್ದರೆ ಲಾರಿ ನಿಂತಲ್ಲೇ ಗಡಗಡ ನಡುಗುತ್ತ ಕಾಯುತ್ತಿತ್ತು. ದನಿಗಳೆಲ್ಲ ಹಂಪೇಶನವು. ಗಿಡದ ಕೆಳಗಿನವರು, ಚಾ ಅಂಗಡಿಯ ಹುಸೇನಮ್ಮ, ಇಂಜಿನ್ನು, ಹಾರ್ನು. ಡ್ರೈವರಿಗೆ ಮಾವನ ದನಿ ಕೊಟ್ಟ.

ಅದಕ್ಕೆ ಸಿಕ್ಕ ಗಿರಾಕಿಗಳನ್ನು ನೋಡಿ ವೇದಾಂತನೇ ಬೆರಗಾದ. ಫಾರಿನ್ ಕಾರುಗಳು ತುಕ್ಕು ಹಿಡಿದವು. ಮಟಮಟ ಮಧ್ಯಾಹ್ನ ಮುಂದಿನ ಕೋಣೆಯ ಎಲ್ಲ ಕಂಪ್ಯೂಟರುಗಳಿಂದ ಕೊಟ್ರಯ್ಯ ಒಟ್ಟಿಗೆ ಹೂಂಗುಡುತ್ತಿದ್ದ. “ಇದೇನು ಗದ್ಲ?” ಎಂದು ಒಳಗಿನಿಂದ ಅಜ್ಜಿ ಕೇಳಿದರೆ “ಮಿಷನ್ ಸದ್ದು ಅಜ್ಜಿ” ಎಂದು ಹಂಪೇಶ ಬಾಗಿಲು ಮುಂದಕ್ಕೆ ಎಳೆಯುತ್ತಿದ್ದ. ಆಡುವ ಹುಡುಗರು ಹಿಂತಿರುಗಿ ನೋಡುತ್ತಿರಲಿಲ್ಲ. ಒಬ್ಬ ಮಾತ್ರ ಎದ್ದು ಹೋಗುವಾಗ ಕುತ್ತಿಗೆ ನೀವಿಕೊಳ್ಳುತ್ತ, “ಏನಣ್ಣಾ, ಹೆಗಲು ಭಾರ ಆಗ್ತಾವ ಇದನ್ನ ಆಡಿದ್ರ” ಅಂದ. “ಪುಸ್ತಕ ಹೊತ್ತು ರೂಢಿ ಇಲ್ಲ, ಅದಕ್ಕ” ಅಂದ ಹಂಪೇಶ. ಎಲ್ಲರೂ ನಕ್ಕರು.

ಆ ವಾರ ಮಾವ ಊಟಕ್ಕೆ ತಡವಾಗಿ ಬರತೊಡಗಿದ. ಒಂದು ದಿನ ತಟ್ಟೆಯ ಮುಂದೆ ಕೂತರೂ ರೊಟ್ಟಿ ಮುರಿಯಲಿಲ್ಲ.

“ಯಾಕೋ ಕೊಟ್ರಾ?” ಅಜ್ಜಿ ಕೇಳಿದಳು.

ಕ್ಟ್. “ಏನಿಲ್ಲವ್ವಾ. ಗಾದಿಗನೂರು ದಾಟಿದೆ. ಮತ್ತ ಗಾದಿಗನೂರು ಬಂತು.”

“ಊರಿಗೂ ನಿನ್ನ ಮ್ಯಾಲ ಪ್ರೀತಿ ಮಾವ, ಬೆನ್ನ ಹತ್ತಿ ಬಂದೈತಿ,” ಅಂದ ಹಂಪೇಶ.

ಮಾವ ನಗಲಿಲ್ಲ. “ಈ ಪಂಕ್ಚರ್ ಅಂಗಡಿಯವ್ರಿಗೆ ಏನ್ ಹುಚ್ಚೋ. ದಾರಿಯಾಗ ಎಲ್ಲಾ ಗಿಡಕ್ಕೂ ಟೈರ್ ನೇತುಹಾಕ್ಯಾರ. ಒಂದ ನಮೂನಿ ಟೈರು, ಒಂದ ನಮೂನಿ ಟೊಂಗಿ.”

ಹಂಪೇಶನ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಮುಂದೆ ಹೇಳಬೇಕೆಂದಿದ್ದ ಚಟಾಕಿ ನೆನಪಿಗೇ ಬರಲಿಲ್ಲ. ಧೂಳಿನಲ್ಲಿ ದಿನವಿಡೀ ಲಾರಿ ಓಡಿಸುವವರಿಗೆ ಎಲ್ಲ ಗಿಡವೂ ಒಂದೇ ಥರ ಕಾಣುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಮಾವ ಆ ಆಟವನ್ನು ಯಾವತ್ತೂ ನೋಡಿರಲಿಲ್ಲ ಎಂಬುದನ್ನು ಮಾತ್ರ ಎಷ್ಟು ಹೇಳಿಕೊಂಡರೂ ಬಗೆಹರಿಸಲಾಗಲಿಲ್ಲ.

ಎರಡು ದಿನ ಬಿಟ್ಟು, ಸೂರ್ಯ ನೆತ್ತಿಯ ಮೇಲಿದ್ದಾಗ, ಸೆಂಟರ್ ತುಂಬಿದ್ದಾಗ, ಹಂಪೇಶನ ಫೋನ್ ಹೊಡೆದುಕೊಂಡಿತು.

ಕ್ಟ್. “ಹಂಪ್ಯಾ, ಎಲ್ಲಿ ಅದೀಲೇ?”

“ಸೆಂಟರ್‌ನ್ಯಾಗ. ನೀ ಎಲ್ಲಿ ಅದಿ ಮಾವ?”

“ಅದನ್ನ ಕೇಳಾಕ ನಿನಗ ಫೋನ್ ಮಾಡೀನಿ.”

ಮಾವನ ದನಿಯಲ್ಲಿ ಹೆದರಿಕೆ ಇರಲಿಲ್ಲ. ಅದಕ್ಕಿಂತ ಕೆಟ್ಟದ್ದಿತ್ತು, ನಾಚಿಕೆ. ತಾನು ಓಡಾಡಿದ ದಾರಿಯನ್ನೇ ಅಳಿಯನ ಹತ್ತಿರ ಕೇಳಬೇಕಾಗಿ ಬಂದವನ ನಾಚಿಕೆ. ಮಾರೆಪ್ಪ ಇವತ್ತು ತಂಗಿಯ ಮನೆಗೆ ಕಡ್ಡಿರಾಂಪುರಕ್ಕೆ ಹೋಗಿದ್ದರಿಂದ ಲಾರಿಯಲ್ಲಿ ತಾನೊಬ್ಬನೇ ಇದ್ದೇನೆಂದ. ರಸ್ತೆಯಲ್ಲಿ ಎದುರಿಗೆ ಒಂದೂ ಗಾಡಿ ಬಂದಿಲ್ಲವೆಂದ. ಅದಿರಿನ ರಸ್ತೆಯಲ್ಲಿ, ಹಾಡಹಗಲು.

“ಹೊತ್ತು ನೆತ್ತಿ ಮ್ಯಾಲೈತಿ, ಆದ್ರೂ ಎಲ್ಲಾ ಗಿಡದ ನೆಳ್ಳೂ ಉದ್ದಕ ಒಂದ ಕಡೀಗೆ ಬಿದ್ದಾವ, ಸರಿಯವಲ್ವು. ಹುಸೇನಮ್ಮನ ಅಂಗಡಿ ಬಂತು, ಇಳದೆ. ‘ಚಾ ಕುಡೀತೀಯೇನಪ್ಪಾ’ ಅಂದ್ಲು. ಕುಡದೆ, ರುಚಿನ ಇಲ್ಲ. ‘ದೂರ ಹೋಗಬೇಕೇನಪ್ಪಾ’ ಅಂದ್ಲು. ‘ಹೂಂ, ಮಗಳು ಹೆಂಗದಾಳ ಹುಸೇನಮ್ಮಾ’ ಅಂದೆ. ಮತ್ತ ‘ಚಾ ಕುಡೀತೀಯೇನಪ್ಪಾ’ ಅಂದ್ಲು.” ಮಾವ ದನಿ ತಗ್ಗಿಸಿದ. “ಹಂಪ್ಯಾ, ಬಾಯಿ ಆಕೀದ ಐತಿ. ದನಿ ನಿಂದಲೇ.”

ಹಂಪೇಶ ತಿರುಗಿ ನೋಡಿದ. ಎಲ್ಲ ಪರದೆಗಳ ಮೇಲೂ ಹುಸೇನಮ್ಮನ ಅಂಗಡಿ. “ದೂರ ಹೋಗಬೇಕೇನಪ್ಪಾ?” ಎಂದು ಅವನದೇ ಮೂಗುರಾಗ ಕೇಳುತ್ತಿತ್ತು.

“ಬಂದ್ ಮಾಡ್ರಲೇ,” ಅಂದ. “ಎಲ್ರೂ ಕೈ ತಗೀರಿ.”

ಹುಡುಗರು ಗೊಣಗುತ್ತ ಕೈ ತೆಗೆದರು. ಪರದೆಯ ಲಾರಿಗಳು ನಿಂತಲ್ಲೇ ನಡುಗತೊಡಗಿದವು.

“ಹಂಪ್ಯಾ,” ಫೋನಿನಲ್ಲಿ ಮಾವ, “ಗಾಡಿ ನಿಂತ್ತು. ಎಕ್ಸಲೇಟರ್ ಒತ್ತಿದ್ರೂ ಜಗ್ಗವಲ್ದು.”

ಹಂಪೇಶ ಹತ್ತಿರದ ಕೀಬೋರ್ಡಿಗೆ ಕೈ ಚಾಚಿ ಉದ್ದ ಬಟನ್ ಒತ್ತಿದ. ಪರದೆಯ ಡ್ರೈವರ್ ಹೂಂ ಅಂದ.

“ಹಾಂ, ಈಗ ಹೊಂಟ್ತು,” ಅಂದ ಮಾವ.

ಹುಡುಗರನ್ನೆಲ್ಲ ಮನೆಗೆ ಕಳಿಸಿ ಹಂಪೇಶ ಬಾಗಿಲು ಮುಚ್ಚಿದ. ವೇದಾಂತನ ತತ್ವಗಳೆಲ್ಲ ಮುಖದಿಂದ ಇಳಿದುಹೋಗಿದ್ದವು.

“ಗೇಮ್ ಅಳಿಸಿಬಿಡೂಣಲೇ.”

“ಅಳಿಸಿದ್ರ ಮಾವ ಎಲ್ಲಿ ಇರ್ತಾನ?”

ವೇದಾಂತ ಕೀಬೋರ್ಡಿನಿಂದ ಕೈ ಹಿಂದಕ್ಕೆಳೆದ. “ಹಂಗಾರ ಕಥಿಗೊಂದು ಕೊನಿ ಬೇಕು. ಅಜ್ಜಿ ಒಳಗ ಅದಾರಲ್ಲ, ಕೇಳು.”

“ಕೇಳಿದ್ರ ಹಗಲೊತ್ತು ಕಥಿ ಆಡಿಸಿದ್ದು ಗೊತ್ತಾಗ್ತೈತಿ. ನೀನ ಏನಾರ ಹಾಕು. ಮನೀಗೆ ಬರೋ ದಾರಿ ಹಾಕು. ಗಿಡ ಮುಗದಮ್ಯಾಲ ಈ ಓಣಿ, ಈ ಬಾಗಿಲು.”

ವೇದಾಂತ ಬೆವರುತ್ತ ಕೂತು ರಸ್ತೆಯ ಸುತ್ತನ್ನು ಬಿಚ್ಚಿದ. ಕೊನೆಯ ಗಿಡದ ಆಚೆಗೆ ಓಣಿಯೊಂದನ್ನು, ಓಣಿಯ ಕೊನೆಗೆ ಒಂದು ಬಾಗಿಲನ್ನು ಜೋಡಿಸಿದ. ಅಷ್ಟು ಹೊತ್ತೂ ಹಂಪೇಶ ಫೋನನ್ನು ಕಿವಿಗೊತ್ತಿಕೊಂಡು ಇನ್ನೊಂದು ಕಂಪ್ಯೂಟರಿನಲ್ಲಿ ಮಾವನ ಲಾರಿಯನ್ನು ಗಿಡದಿಂದ ಗಿಡಕ್ಕೆ ಸಾಗಿಸುತ್ತಿದ್ದ. ಒಂದೊಂದು ಗಿಡಕ್ಕೂ ಪರದೆಯಿಂದ “ಬರ್ಲೇನಪ್ಪಾ?” ಎಂದು ಕೇಳುತ್ತಿತ್ತು; ಒಂದು ಕ್ಷಣ ಬಿಟ್ಟು ಅದೇ ಪ್ರಶ್ನೆ ಫೋನಿನೊಳಗಿಂದಲೂ ಕೇಳುತ್ತಿತ್ತು. ಅಲ್ಲಿ ಮಾವ ಕ್ಟ್, ಹೂಂ ಅನ್ನುತ್ತಿದ್ದ. ಇಲ್ಲಿ ಹಂಪೇಶ ಬಟನ್ ಒತ್ತುತ್ತಿದ್ದ. ಇಬ್ಬರ ಹೂಂ ಸೇರಿದಾಗ ಲಾರಿ ಹೊರಡುತ್ತಿತ್ತು.

“ಗಾಡಿ ಭಾಳ ಭಾರ ಆಗೇತಿ,” ಮಾವ ಹೇಳಿದ. “ಹಿಂದ ಯಾರೋ ಮಾತಾಡಾಕತ್ತಾರ.”

“ತಿರುಗಿ ನೋಡಬ್ಯಾಡ ಮಾವ.”

“ನೋಡಂಗಿಲ್ಲ. ಎಲ್ಲಾರೂ ನಿನ್ನಂಗ ಮಾತಾಡ್ತಾರ. ನೋಡಿ ಏನ್ ಮಾಡ್ಲಿ.”

ಹೊಸ ದಾರಿ ಸಿದ್ಧವಾಯಿತು. ಕೊನೆಯ ಗಿಡ ಬಂತು. ಲಾರಿ ನಿಂತು ನಡುಗಿತು. ಅಷ್ಟರಲ್ಲಿ ಫೋನಿನ ಲೈನು ಕಡಿಯಿತು. ಹಂಪೇಶ ಮತ್ತೆ ಹಚ್ಚಿದ. ಸಿಗಲಿಲ್ಲ. ಮತ್ತೆ ಹಚ್ಚಿದ.

“ತಡಿ,” ವೇದಾಂತ ಹೇಳಿದ. “ಅಂವ ಅಲ್ಲಿ ಹೂಂ ಅನ್ಲಿ. ಅಂವ ಅನ್ನದ ನೀ ಒತ್ತಬ್ಯಾಡ.”

ಹಂಪೇಶ ಪರದೆ ನೋಡಿದ. ಓಣಿ ಕಾಣುತ್ತಿತ್ತು. ಬಾಗಿಲು ಕಾಣುತ್ತಿತ್ತು. ಇನ್ನೊಂದೇ ಒಂದು ಹೂಂ. ಮಾವನ ಹೂಂ ಅನ್ನಲು ಮಾವನೇ ಬೇಕೇನು? ಜೀವಮಾನವಿಡೀ ಅವನ ದನಿಯಲ್ಲಿ ಕೂಗಿದವನು ತಾನು. ಬಟನ್ ಒತ್ತಿದ.

“ಹೂಂ,” ಅಂದಿತು ಪರದೆ, ನ್ಯೂಟ್ರಲ್‌ನಲ್ಲಿ.

ಲಾರಿ ಓಣಿಗೆ ತಿರುಗಿತು. ಬಾಗಿಲು ದೊಡ್ಡದಾಗುತ್ತ ಬಂದು ಪರದೆಯನ್ನೆಲ್ಲ ತುಂಬಿತು. ಆಮೇಲೆ ಕಪ್ಪು.

ಓಣಿಯ ಮೂಲೆಯಲ್ಲಿ ಲಾರಿ ನಿಂತ ಸದ್ದಾಯಿತು. ಹೆಜ್ಜೆಗಳು ಬಂದವು. ಹೊಸ್ತಿಲ ಹೊರಗೆ ಟವೆಲ್ ಕೊಡವಿದ ಸದ್ದು. ಹಂಪೇಶ ಓಡಿಹೋಗಿ ಬಾಗಿಲು ತೆಗೆದ.

ಮಾವ ನಿಂತಿದ್ದ. ಮುಖದ ತುಂಬ ಕೆಂಪು ಧೂಳು, ಹೆಗಲ ಮೇಲೆ ಟವೆಲ್, ಅಂಗಿಯ ಮೇಲಿನ ಗುಂಡಿ ಎಂದಿನಂತೆ ಬಿಚ್ಚಿತ್ತು. ಹಂಪೇಶನಿಗೆ ಅಳು ಬಂತು, ನಗುವೂ ಬಂತು.

“ಅವ್ವಾ, ಬಂದ್ನೆವ್ವಾ.”

“ಹಂಪ್ಯಾ, ನಾಟಕ ಸಾಕು,” ಒಳಗಿನಿಂದ ಅಜ್ಜಿ ಅಂದಳು.

ಹಂಪೇಶ ಬಾಯಿ ತೆರೆದಿರಲಿಲ್ಲ.

ಅವನು ಮತ್ತೆ ನೋಡಿದ. ಟವೆಲ್ ಕೊಡವಿದ ಸದ್ದಾಗಿತ್ತು, ಆದರೆ ಗಾಳಿಯಲ್ಲಿ ಧೂಳು ಇರಲಿಲ್ಲ. ಮಾವನ ಎಡಗಾಲು ಹೊಸ್ತಿಲ ಮೇಲಕ್ಕೆ ಎತ್ತಿತ್ತು, ಎತ್ತಿದ ಹಾಗೇ ಇತ್ತು. ಮೈ ಸಣ್ಣಗೆ, ಒಂದೇ ಸಮನೆ ನಡುಗುತ್ತಿತ್ತು. ಇಂಜಿನ್ ಆರಿಸದೆ ನಿಲ್ಲಿಸಿದ ಲಾರಿಯ ಹಾಗೆ.

“ಒಳಗ ಬರ್ಲೇನು?” ಎಂದು ಅದು ಕೇಳಿತು. ಕೇಳಿ, ಕಾಯಿತು.

ಆಗ ಹಂಪೇಶನ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು.

ಕ್ಟ್. “ಹಂಪ್ಯಾ, ಲೈನ್ ಕಟ್ಟಾತಲೇ. ಇಲ್ಲೇ ಕಡೀ ಗಿಡದ ಹತ್ರ ಅದೀನಿ. ಈಗ ಏನ್ ಮಾಡ್ಲಿ?”

ಅಜ್ಜಿ ಗೋಡೆ ಹಿಡಿದುಕೊಂಡು ಮುಂದಿನ ಕೋಣೆಗೆ ಬಂದಿದ್ದಳು. ಪೊರೆಗಣ್ಣನ್ನು ಬಾಗಿಲ ಬೆಳಕಿನತ್ತ ತಿರುಗಿಸಿ, “ಯಾರದು?” ಅಂದಳು.

“ಅವ್ವಾ, ಬಂದ್ನೆವ್ವಾ,” ಅಂದಿತು ಹೊಸ್ತಿಲು. ಮೊದಲಿನ ಹಾಗೆಯೇ, ಅದೇ ಎಳೆತ, ಅದೇ ಏರು.

ಅಜ್ಜಿ ಹಂಪೇಶನ ಕಡೆ ಕೈ ಚಾಚಿದಳು. ಅವನ ತೋಳು ಸಿಕ್ಕಿತು. ದನಿ ಬಂದದ್ದು ಬಾಗಿಲಿನಿಂದ, ತೋಳು ಇಲ್ಲಿತ್ತು. ಅವಳಿಗೆ ಅಷ್ಟು ಸಾಕಾಯಿತು.

“ಹಗಲೊತ್ತು ಕಥಿ ಹೇಳಿದೇನು?”

“ಹೇಳಿಲ್ಲ ಅಜ್ಜಿ. ಆಡಿಸಿದೆ.”

“ಹೂಂ ಅಂದಾರೇನು?”

“ಅಂದಾರ.”

“ಹಂಗಾರ ಹೇಳಿದಂಗನ.” ಅವಳು ಬೈಯಲಿಲ್ಲ. ಬೈದಿದ್ದರೆ ಹಂಪೇಶನಿಗೆ ಸಮಾಧಾನವಾಗುತ್ತಿತ್ತು. “ಇಲ್ಲಿ ಯಾರೂ ಹೂಂ ಅನಬ್ಯಾಡ್ರಿ. ಆ ಫೋನ್ ತಾ.”

ಫೋನ್ ಕಿವಿಗಿಟ್ಟುಕೊಂಡಳು. ಅತ್ತಲಿಂದ ಆ ಸಣ್ಣ ಸದ್ದು ಕೇಳಿತೋ ಏನೋ, ಮುಖ ಸಡಿಲಾಯಿತು. ಬಾಗಿಲಿಗೆ ಎದುರಾಗಿ ನೆಲದ ಮೇಲೆ ಕೂತು, ಹಾಡಹಗಲಲ್ಲೇ ಕಥೆ ಹೇಳಲು ಶುರುಮಾಡಿದಳು.

“ಕೊಟ್ರಾ, ಗಾಡಿ ಹೊಡಿಯಾವನ ಕಥಿ ನೆಪ್ಪೈತೇನು? ನೀನೂ ಎಂದೂ ಕಡೀತನಕ ಎಚ್ಚರ ಇರ್ಲಿಲ್ಲ, ನಿದ್ದಿಬುರುಕ. ಈಗ ಕೇಳು. ಗಾಡಿ ಕಡೀ ಗಿಡಕ್ಕ ಬಂತು.”

ಫೋನಿನಲ್ಲಿ ಸಣ್ಣಗೆ ಮಾವನ ಹೂಂ ಕೇಳಿತು.

“ಹಿಂದ ಕುಂತವ್ರೆಲ್ಲಾ ಎದ್ದು ನಿಂತ್ರು.”

“ಹೂಂ.”

“‘ನಿನ್ನ ಮನಿ ಬಂತು. ನಾವೂ ಒಳಗ ಬರ್ಲೇನು?’ ಅಂದ್ರು. ಈ ಮಗನಿಗೆ ಗುಡ್ಡದಿಂದ ಇಲ್ಲೀತನ ಹೂಂ ಅಂದು ಅಂದು ಬಾಯಿಗೆ ಅದ ರೂಢಿ ಆಗಿತ್ತು. ನಾಲಿಗಿ ತುದಿಗೆ ಹೂಂ ಬಂತು. ನಾಲಿಗಿ ಕಚ್ಚಿ ಹಿಡದ. ಹಿಡದು ಏನಂದ ಗೊತ್ತೇನು? ಒಲ್ಲೆ ಅಂದ. ನೀನೂ ಅನ್ನಪ್ಪಾ.”

ಹಂಪೇಶನ ಪಕ್ಕದಲ್ಲಿ ವೇದಾಂತ ಉಸಿರಿನಲ್ಲೇ ಹೇಳಿದ. “ಒಲ್ಲೆ ಅನ್ನಾಕ ನಾವು ಬಟನ್ನ ಇಟ್ಟಿಲ್ಲಲೇ.”

ಕ್ಟ್. “ಒಲ್ಲೆ.”

ಬಹಳ ಹೊತ್ತು ಇಂಜಿನ್ನಿನ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ಮಾವ,  “ಅವ್ವಾ, ಗಾಡಿ ಹಗುರಾತು. ಮುಂದ ಒಂದ್ ಲಾರಿ ಹೊಂಟೈತಿ. ಯಾವನೋ ಹಾರ್ನ್ ಹೊಡ್ಯಾಕತ್ತಾನ ಹಿಂದ,” ಅಂದ. ಹಾರ್ನಿನ ಬಗ್ಗೆ ಒಬ್ಬ ಡ್ರೈವರ್ ಅಷ್ಟು ಖುಷಿಯಿಂದ ಮಾತಾಡಿದ್ದನ್ನು ಹಂಪೇಶ ಕೇಳಿರಲಿಲ್ಲ.

ಅಜ್ಜಿ ಫೋನ್ ಕೆಳಗಿಟ್ಟಳು. ಬಾಗಿಲಲ್ಲಿ ಅದು ಇನ್ನೂ ನಿಂತಿತ್ತು, ಕಾಲೆತ್ತಿಕೊಂಡು.

“ಒಳಗ ಬರ್ಲೇನು?”

“ಅವನದು ಆತು. ಇದು ನಿನ್ನದು,” ಅಜ್ಜಿ ಹಂಪೇಶನಿಗೆ ಹೇಳಿದಳು. “ಇದಕ್ಕ ದನಿ ಕೊಟ್ಟಾವ ನೀನು. ನೀನ ಹೇಳು. ಯಾರ ದನಿನೂ ಮಾಡಬ್ಯಾಡ.”

ಹಂಪೇಶ ಬಾಯಿ ತೆರೆದ. ಮೊದಲು ಬಂದದ್ದು ಪ್ರಿನ್ಸಿಪಾಲರ ಕೆಮ್ಮು. ಅದನ್ನು ನುಂಗಿದ. ಹುಸೇನಮ್ಮನ ಮೂಗು ಬಂತು, ಅದನ್ನೂ ನುಂಗಿದ. ಮಾವನ ದನಿ ಗಂಟಲವರೆಗೆ ಬಂದು ನಿಂತಿತು. ಎದುರಿಗಿನ ಮುಖ ಮಾವನದೇ. ಚಿಕ್ಕಂದಿನಲ್ಲಿ ಹೆಗಲ ಮೇಲೆ ಕೂರಿಸಿಕೊಂಡು ಹೊಳೆ ತೋರಿಸಿದವನ ಮುಖ. ಅದೀಗ ಬೇಡಿಕೊಳ್ಳುವ ಹಾಗೆ ನೋಡುತ್ತಿತ್ತು. ಇಷ್ಟು ವರ್ಷ ಬಾಡಿಗೆಗೆ ಕೊಟ್ಟ ಮನೆಯಲ್ಲಿ ತನ್ನ ಕೋಣೆ ಯಾವುದೆಂದು ಹುಡುಕಿದವನಂತೆ ಹಂಪೇಶ ತಡವರಿಸಿದ. ಕೊನೆಗೆ ಸಿಕ್ಕಿದ್ದು ಒಂದು ಸಪ್ಪೆ, ತೆಳ್ಳನೆಯ ದನಿ. ಇಂಥ ದನಿಯನ್ನು ಯಾರೂ ಮಿಮಿಕ್ರಿ ಮಾಡಲಾರರು.

“ಒಲ್ಲೆ,” ಅಂದ.

ನಡುಕ ನಿಂತಿತು. ಎತ್ತಿದ ಕಾಲು ಹಿಂದಕ್ಕೆ ಇಳಿಯಿತು. ಅದು ಟವೆಲನ್ನು ಹೆಗಲ ಮೇಲೆ ಸರಿಮಾಡಿಕೊಂಡು, ಮಾವ ನಡೆಯುವ ಹಾಗೇ ಒಂದು ಪಕ್ಕ ವಾಲುತ್ತ, ಬಿಸಿಲಿನ ಓಣಿಯಲ್ಲಿ ನಡೆದುಹೋಯಿತು. ಬಾಗಿಲಲ್ಲಿ ಬೇಳೆ ಆರಿಸುತ್ತ ಕೂತಿದ್ದ ತಾಯಕ್ಕ ತಲೆಯೆತ್ತಿ, “ಏನ್ ಕೊಟ್ರಯ್ಯ, ಬಂದಂಗ ಹೊಂಟೆಲ್ಲ?” ಎಂದು ಕೇಳಿದ್ದು ಇವರಿಗೆ ಕೇಳಿಸಿತು. ಉತ್ತರ ಕೇಳಿಸಲಿಲ್ಲ.

ಹೊತ್ತು ಇಳಿಯುವಾಗ ಮಾವ ಬಂದ. ಟವೆಲ್ ಕೊಡವಿದ, ಮನೆಯೊಳಕ್ಕೆಲ್ಲ ಕೆಂಪು ಧೂಳು ನುಗ್ಗಿ ವೇದಾಂತ ಸೀನಿದ. ಕ್ಟ್. “ಅವ್ವಾ, ಬಂದ್ನೆವ್ವಾ.”

“ಇನ್ನೊಮ್ಮೆ ಅನ್ನು,” ಅಂದಳು ಅಜ್ಜಿ.

ಮಾವ ಇನ್ನೊಮ್ಮೆ ಅಂದ. ಅಜ್ಜಿ ಅವನ ಕೊರಳಿನ ಮೇಲೆ ಕೈಯಿಟ್ಟು ಮತ್ತೊಮ್ಮೆ ಹೇಳಿಸಿದಳು. ಆಮೇಲೆ ರೊಟ್ಟಿ ಬಡಿಯಲು ಒಳಗೆ ಹೋದಳು.

ಆ ಸಂಜೆಯೇ ವೇದಾಂತ ಆಟವನ್ನು ಎಲ್ಲ ಕಂಪ್ಯೂಟರುಗಳಿಂದ ಅಳಿಸಿದ. ಸೆಂಟರಿನಲ್ಲಿ ಮತ್ತೆ ಫಾರಿನ್ ಕಾರುಗಳು ಓಡಿದವು. ಹಂಪೇಶನ ಗಂಟಲಿಗೆ ಪ್ರಿನ್ಸಿಪಾಲರು ವಾಪಸ್ಸು ಬಂದರು, ಹುಸೇನಮ್ಮ ಬಂದಳು, ಟಿಪ್ಪರೂ ಬಂತು. ಮಾವನ ದನಿ ಬರಲಿಲ್ಲ. ಒಮ್ಮೆ ಹಿತ್ತಲಿನಲ್ಲಿ ಒಬ್ಬನೇ ನಿಂತು ಯತ್ನಿಸಿ ನೋಡಿದ. ಗಂಟಲಲ್ಲಿ ಆ ಜಾಗ ಖಾಲಿಯಿತ್ತು, ಬಾಡಿಗೆದಾರ ಸಾಮಾನು ಸಮೇತ ಎದ್ದುಹೋದ ಕೋಣೆಯ ಹಾಗೆ.

ಅಜ್ಜಿ ಈಗಲೂ ಕಥೆ ಹೇಳುತ್ತಾಳೆ, ದೀಪ ಹಚ್ಚಿದ ಮೇಲೆ. ಹಂಪೇಶ ಕಡೆತನಕ ಎಚ್ಚರವಿದ್ದು ಹೂಂಗುಡುತ್ತಾನೆ. ಪಕ್ಕದಲ್ಲಿ ಮಾವ ಊಟ ಮುಗಿಸಿ ಗೊರಕೆ ಹೊಡೆಯುತ್ತಿರುತ್ತಾನೆ. ಒಮ್ಮೊಮ್ಮೆ ಹಂಪೇಶ ಉಸಿರು ತೆಗೆದುಕೊಳ್ಳಲು ತುಸು ತಡಮಾಡಿದರೆ, ಅವನಿಗಿಂತ ಮೊದಲೇ, ಮುಚ್ಚಿದ ಬಾಗಿಲಿನ ಆಚೆಯಿಂದ ಒಂದು ಹೂಂ ಬರುತ್ತದೆ. ಮಾವನ ದನಿಯೇ, ಗೇರ್ ಇಲ್ಲ.

ಅಜ್ಜಿ ಕಥೆ ನಿಲ್ಲಿಸುತ್ತಾಳೆ. ಬಾಗಿಲಿನತ್ತ ಮುಖ ತಿರುಗಿಸುತ್ತಾಳೆ.

“ನಿನಗಲ್ಲಪ್ಪಾ ಹೇಳಾಕತ್ತಿದ್ದು,” ಅನ್ನುತ್ತಾಳೆ ಮೆಲ್ಲಗೆ, ಹಸಿದವನನ್ನು ಬರಿಗೈಲಿ ಕಳಿಸುವವಳ ಹಾಗೆ. ಹಂಪೇಶ ಗಟ್ಟಿಯಾಗಿ ಹೂಂ ಅನ್ನುವವರೆಗೆ ಕಾದು, ಬಿಟ್ಟಲ್ಲಿಂದ ಕಥೆ ಎತ್ತಿಕೊಳ್ಳುತ್ತಾಳೆ.